ಹಳೇ ಪಾರ್ಕಿನಲ್ಲಿ ಕೇಳಿದ ದನಿ

ಕೊಪ್ಪದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತಾರು ವರ್ಷ ಕೆಲಸ ಮಾಡಿದ ಯಮುನಮ್ಮನಿಗೆ ಊರಿನ ಅರ್ಧ ಜನರ ದನಿ ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. ಹಿರೇಕೊಡಿಗೆಯ ಬೇಸಾಯದ ಮನೆಯಿಂದ ಬಂದು ಇಪ್ಪತ್ತನಾಲ್ಕನೇ ವಯಸ್ಸಿಗೆ ಟ್ರಂಕ್ ಬೋರ್ಡಿನ ಮುಂದೆ ಕೂತವಳು ಅವಳು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ವಯರುಗಳನ್ನು ಒಂದು ತೂತಿನಿಂದ ಕಿತ್ತು ಇನ್ನೊಂದಕ್ಕೆ ಚುಚ್ಚಿ, ಶೃಂಗೇರಿಯವರನ್ನು ಶಿವಮೊಗ್ಗದವರಿಗೆ, ನರಸಿಂಹರಾಜಪುರದವರನ್ನು ಮಂಗಳೂರಿನವರಿಗೆ ಜೋಡಿಸುತ್ತಿದ್ದಳು. ಮದುವೆಯ ಮಾತು ಒಂದೆರಡು ಬಾರಿ ಬಂದು ಹೋಗಿತ್ತು. ತಾನು ಒಲ್ಲೆ ಅಂದಳೋ, ಅವರು ಒಲ್ಲೆ ಅಂದರೋ, ಈಗ ಅದು ಅವಳಿಗೇ ಸರಿಯಾಗಿ ನೆನಪಿರಲಿಲ್ಲ. ಬೋರ್ಡು ಹೋಗಿ ಯಂತ್ರ ಬಂದ ಮೇಲೆ ದೂರು ಬರೆದುಕೊಳ್ಳುವ ಮೇಜಿಗೆ ಹಾಕಿದರು. ೨೦೦೪ರ ಮೇ ಕೊನೆಗೆ ಹಾರ ಹಾಕಿ, ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು.

ಜೂನ್ ಒಂದನೇ ತಾರೀಕು ಬೆಳಿಗ್ಗೆ ಒಂಬತ್ತೂವರೆಗೆ ಅವಳು ಎಂದಿನಂತೆ ಸೀರೆ ಉಟ್ಟು ಕೊಡೆ ಹಿಡಿದು ಹೊರಟುಬಿಟ್ಟಳು. ಅರ್ಧ ದಾರಿಯಲ್ಲಿ ನೆನಪಾಯಿತು. ಹಿಂದಿರುಗಲು ನಾಚಿಕೆಯಾಗಿ, ಪಕ್ಕದಲ್ಲೇ ಇದ್ದ ಹಳೇ ಪಾರ್ಕಿನ ಗೇಟು ತಳ್ಳಿ ಒಳಗೆ ಹೋದಳು.

ಮಹಾರಾಜರ ಕಾಲದಲ್ಲಿ ಯಾರೋ ಅಮಲ್ದಾರರು ಮಾಡಿಸಿದ ಪಾರ್ಕು ಅದು. ಗೇಟಿನ ಬಳಿಯ ಕಲ್ಲಿನಲ್ಲಿ ಕೊರೆದ ಇಸವಿ ಪಾಚಿ ಹಿಡಿದು ಓದಲು ಬರುತ್ತಿರಲಿಲ್ಲ. ನಡುವೆ ಎಂಟು ಕಂಬದ ಮಂಟಪ. ಹಿಂದೆ ಅಲ್ಲಿ ಪೊಲೀಸ್ ಬ್ಯಾಂಡು ನುಡಿಸುತ್ತಿದ್ದರಂತೆ. ಸುತ್ತ ಮಳೆಮರಗಳು, ಎರಡು ಸಂಪಿಗೆ, ಬಕುಲ ಎಂದೂ ಕರೆಯುವ ಒಂದು ಮುದಿ ರಂಜದ ಮರ. ಅವಳು ಮೂವತ್ತಾರು ವರ್ಷ ಅದರ ಬೇಲಿ ಪಕ್ಕದಲ್ಲೇ ನಡೆದುಹೋಗಿದ್ದಳು, ಒಳಗೆ ಬಂದದ್ದು ಬಹುಶಃ ಎರಡು ಸಲ.

ಪಟ್ಟಣ ಪಂಚಾಯ್ತಿಯ ಮಾಲಿ ಲಿಂಗಪ್ಪ ಕತ್ತಿ ಮಸೆಯುತ್ತ ಕೂತಿದ್ದ.

“ಎಂತ ಯಮುನಕ್ಕ, ದಾರಿ ತಪ್ಪಿತಾ?”

“ತಪ್ಪಿದ್ದೇ ಮಾರಾಯ. ಇನ್ನು ಹೋಗ್ಲಿಕ್ಕೆ ಎಲ್ಲೂ ಇಲ್ಲ.”

“ಹಂಗಾರೆ ಮಂಟಪದಲ್ಲಿ ಕೂತ್ಕಳಿ. ಅಲ್ಲಿ ಸೋರೂದಿಲ್ಲ.”

ಅಂದು ಕೂತವಳು ಮರುದಿನವೂ ಬಂದಳು. ಆರಿದ್ರಾ ಮಳೆ ಹಿಡಿಯಿತು, ಪುನರ್ವಸು ಬಂತು. ಮಂಟಪದ ಸುತ್ತ ನೀರಿನ ಪರದೆ ಇಳಿಬಿಟ್ಟಂತಾಗಿ, ಪಾರ್ಕು ನೀರೊಳಗಿನ ಊರಿನ ಹಾಗೆ ಹಸಿರಾಗಿ ತೇಲುತ್ತಿತ್ತು. ಬೇಲಿಯಾಚೆ ರಸ್ತೆಯಲ್ಲಿ ಹೋಗುವವರ ಮಾತು ಮಳೆಯಲ್ಲಿ ನೆನೆದು, ತುಂಡು ತುಂಡಾಗಿ ಒಳಗೆ ಬರುತ್ತಿತ್ತು. ಯಮುನಮ್ಮ ಕಣ್ಣು ಮುಚ್ಚಿಕೊಂಡು ಕೇಳುವಳು. ಇದು ಅಡಿಕೆ ಮಂಡಿಯ ಶಿವಶಂಕರಪ್ಪನ ದನಿ. ಇದು ದಿನಾ ಮೂರು ಗಂಟೆಗೆ ತೀರ್ಥಹಳ್ಳಿಗೆ ಲೈನು ಕೇಳುತ್ತಿದ್ದವನದು, ಈಗ ಮುದಿಯಾಗಿದೆ. ಕಣ್ಣು ತೆರೆದರೆ ಬರೀ ಕೊಡೆಗಳು.

ಶ್ರಾವಣದಲ್ಲಿ ಮಳೆ ಸ್ವಲ್ಪ ಹೊಳವಾದ ಒಂದು ಸಂಜೆ, ಬೆನ್ನ ಹಿಂದೆ ಯಾರೋ ಲಿಂಗಪ್ಪನನ್ನು ಕೇಳಿದರು: “ಈ ಮರಕ್ಕೆ ಎಷ್ಟು ವರ್ಷ ಆಗಿರಬಹುದು?”

ಯಮುನಮ್ಮನ ಬೆನ್ನು ನೆಟ್ಟಗಾಯಿತು. ಮಾತಿನ ಕೊನೆಯ ಅಕ್ಷರವನ್ನು ಕೆಳಗಿಡಲು ಮನಸ್ಸಿಲ್ಲದೆ ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡಂಥ ದನಿ. ಇಪ್ಪತ್ತೇಳು ವರ್ಷದ ಹಿಂದೆ ಅವಳು ಅದನ್ನು ಕೇಳಿದ್ದು ಒಂದೇ ಸಲ, ಆರು ನಿಮಿಷ.

೧೯೭೭ರ ಆಷಾಢದ ಮಧ್ಯಾಹ್ನ ಅದು. ನರಸಿಂಹರಾಜಪುರದಿಂದ ಶೃಂಗೇರಿಗೆ ಪಿ.ಪಿ. ಕಾಲ್, ಎಂದರೆ ಹೆಸರು ಹೇಳಿದವರನ್ನೇ ಕರೆಸಿ ಮಾತಾಡಿಸುವ ಕಾಲ್. ಸುಬ್ರಾಯ ಎಂಬವರಿಗೆ ಭಾರ್ಗವಿ ಎಂಬವರು ಬೇಕು. ಶೃಂಗೇರಿಯ ಜವಳಿ ಅಂಗಡಿಯವರು ಪಕ್ಕದ ಮನೆಯಿಂದ ಹುಡುಗಿಯನ್ನು ಕರೆಸಿದರು. ಅವಳು ಏದುಸಿರು ಬಿಡುತ್ತ, ನಗುತ್ತ, “ಹಲೋ, ಮಳೇಲಿ ಓಡಿ ಬಂದೆ” ಅಂದಳು. ಅಷ್ಟರಲ್ಲಿ ಎಲ್ಲೋ ಮರ ಬಿದ್ದು ಲೈನು ಕೆಟ್ಟಿತು. ಇಬ್ಬರಿಗೂ ಕೊಪ್ಪ ಕೇಳುತ್ತಿತ್ತು. ಒಬ್ಬರದು ಒಬ್ಬರಿಗೆ ಕೇಳುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಆಪರೇಟರೇ ಮಾತು ದಾಟಿಸಬೇಕು, ಇದ್ದದ್ದನ್ನು ಇದ್ದ ಹಾಗೆ.

“ಅವಳಿಗೆ ಹೇಳಿ,” ಅಂದಿತ್ತು ಆ ದನಿ, “ನಾನು ಬರೋದಿಲ್ಲ. ನಮ್ಮ ಮನೇಲಿ ಒಪ್ಪಲಿಲ್ಲ. ನನಗಾಗಿ ಕಾಯೋದು ಬೇಡ.”

ಯಮುನಮ್ಮ ಬಾಯಿ ತೆರೆದಳು. ಆ ಕಡೆ ಹುಡುಗಿಯ ಉಸಿರು ಇನ್ನೂ ಹತೋಟಿಗೆ ಬಂದಿರಲಿಲ್ಲ. “ಅವರಿಗೆ ಈಗ ಬರ್ಲಿಕ್ಕೆ ಆಗೂದಿಲ್ಲಂತೆ. ತಡ ಆಗ್ತದಂತೆ. ಕಾಯಬೇಕಂತೆ.” ಹಾಗೆಂದು ಹೇಳಿದ್ದು ತನ್ನ ದನಿಯೇ ಎಂಬುದು ಅವಳಿಗೆ ಹೇಳಿಯಾದ ಮೇಲೆ ತಿಳಿಯಿತು.

“ಆಯ್ತು. ಕಾಯ್ತೇನೆ ಅಂತ ಹೇಳಿ,” ಅಂದಳು ಹುಡುಗಿ.

ಯಮುನಮ್ಮ ಸುಬ್ರಾಯರ ಕಡೆಗೆ ದಾಟಿಸಿದ್ದು ಬರೀ “ಆಯ್ತು ಅಂದ್ರು” ಎಂದಷ್ಟೆ. ಉಳಿದ ಒಂದು ಮಾತು ಕೊಪ್ಪದಲ್ಲೇ ಉಳಿದುಹೋಯಿತು. ಅದಾದ ಮೇಲೆ ಎಷ್ಟೋ ವರ್ಷ ಶೃಂಗೇರಿಯ ಲೈನು ಬಂದಾಗಲೆಲ್ಲ ಆ ಹುಡುಗಿ ಏನಾದಳೋ ಎಂದು ಅವಳು ಒಂದು ಕ್ಷಣ ಹೆಚ್ಚು ಕಿವಿಗೊಡುತ್ತಿದ್ದಳು.

ಈಗ ಆ ದನಿಗೊಂದು ಮುಖ ಬಂದಿತ್ತು: ಬೋಳುತಲೆ, ದಪ್ಪ ಕನ್ನಡಕ, ಮಡಚಿ ಕಟ್ಟಿದ ಪಂಚೆ. ಸುಬ್ರಾಯರು ಸಹಕಾರ ಸಂಘದ ಕೆಲಸ ಮುಗಿಸಿ ಆ ವರ್ಷವೇ ಕೊಪ್ಪಕ್ಕೆ ಬಂದು ನೆಲೆಸಿದವರು. ದಿನಾ ಸಂಜೆ ಪಾರ್ಕಿಗೆ ಏಳು ಸುತ್ತು ಹಾಕುತ್ತಿದ್ದರು. ನವರಾತ್ರಿಯ ಹೊತ್ತಿಗೆ “ನಮಸ್ಕಾರ, ಮಳೆ ಹೋಯ್ತು ಅಂತ ಕಾಣ್ತದೆ” ಎನ್ನುವಷ್ಟು ಪರಿಚಯವಾಯಿತು.

“ಮನೆಯವರು ಬರೂದಿಲ್ವಾ?” ಒಂದು ದಿನ ಯಮುನಮ್ಮ ಕೇಳಿಯೇಬಿಟ್ಟಳು.

“ಅವಳಿಗೆ ಮಂಡಿನೋವು. ಚಳಿ ಕಳೀಲಿ, ಕರ್ಕೊಂಡು ಬರ್ತೇನೆ.”

ಹೆಸರು ಕೇಳಬಹುದಿತ್ತು. ಕೇಳಲಿಲ್ಲ. ಬೇರೆ ಯಾವುದೋ ಹೆಸರು ಬಂದರೆ ಆ ಏದುಸಿರಿನ ಹುಡುಗಿ ಇನ್ನೂ ಎಲ್ಲೋ ಕಾಯುತ್ತಲೇ ಇದ್ದಾಳೆ ಎಂದಾಗುತ್ತದಲ್ಲ. ಪುಷ್ಯಮಾಸದ ಬೆಳಗುಗಳಲ್ಲಿ ಮಂಜು ಎಷ್ಟು ದಟ್ಟವಾಗಿರುತ್ತಿತ್ತೆಂದರೆ, ಮಂಟಪದಲ್ಲಿ ಕೂತರೆ ಮಳೆಮರಗಳು ಬುಡವಿಲ್ಲದೆ ತೇಲುತ್ತಿದ್ದವು. ಲಿಂಗಪ್ಪ ತರಗೆಲೆ ಗುಡಿಸುವ ಪರಕೆಯ ಸದ್ದು ಒಮ್ಮೆ ಹತ್ತಿರ, ಒಮ್ಮೆ ದೂರ. ಆ ಬಿಳುಪಿನಲ್ಲಿ ಇಪ್ಪತ್ತೇಳು ವರ್ಷ ಎಂಬುದಕ್ಕೆ ಅರ್ಥವೇ ಇರಲಿಲ್ಲ. ಈಗ ಯಾರಾದರೂ ಮಳೆಯಲ್ಲಿ ನೆನೆದ ಜಡೆ ಹಿಂಡಿಕೊಳ್ಳುತ್ತ ಮಂಜಿನಿಂದ ಹೊರಗೆ ಬಂದರೆ ಅವಳಿಗೆ ಅಚ್ಚರಿಯಾಗುತ್ತಿರಲಿಲ್ಲ.

ಫಾಲ್ಗುಣದಲ್ಲಿ ರಂಜದ ಹೂ ಉದುರತೊಡಗಿತು. ಒಂದು ಸಂಜೆ ಸುಬ್ರಾಯರ ತೋಳು ಹಿಡಿದುಕೊಂಡು, ಅಗಲ ಜರಿಯ ಸೀರೆಯ ತುಂಬು ಮೈಯ ಹೆಂಗಸೊಬ್ಬರು ನಿಧಾನಕ್ಕೆ ಬಂದರು. ಮಂಟಪದ ಮೆಟ್ಟಿಲು ಹತ್ತಿ ಯಮುನಮ್ಮನ ಪಕ್ಕ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, ಏದುಸಿರು ಬಿಡುತ್ತ ನಕ್ಕು ಅಂದರು: “ನಾಲ್ಕು ಮೆಟ್ಲಿಗೇ ಸಾಕಾಯ್ತು ನೋಡಿ.”

ಅದೇ ಉಸಿರು, ಅದೇ ನಗು. ಯಮುನಮ್ಮ ಉದುರಿದ ಹೂಗಳನ್ನು ನೋಡುತ್ತ ಕೂತಳು. ಹೇಗೋ ಇವರಿಬ್ಬರ ಮದುವೆ ಆಗಿದೆ. ಅಷ್ಟು ಗೊತ್ತಾದದ್ದೇ ಸಾಕೆನ್ನಿಸಿ ಕಣ್ಣು ತುಂಬಿತು.

ಆಮೇಲೆ ಭಾರ್ಗವಿ ವಾರಕ್ಕೆ ಮೂರು ದಿನವಾದರೂ ಬರುತ್ತಿದ್ದರು. ಗಂಡ ಸುತ್ತು ಹಾಕುವಷ್ಟು ಹೊತ್ತು ಇವರಿಬ್ಬರೂ ಕೂತು ರಂಜದ ಹೂ ಪೋಣಿಸುವರು. ಯುಗಾದಿಗೆ ನಾಲ್ಕು ದಿನ ಇರುವಾಗ ಭಾರ್ಗವಿ ಕೇಳಿದರು: “ನೀವು ಟೆಲಿಫೋನ್ ಆಫೀಸಲ್ಲಿ ಇದ್ರಂತೆ, ಲಿಂಗಪ್ಪ ಹೇಳ್ದ. ನಿಮಗೊಂದು ತಮಾಷೆ ಹೇಳ್ತೇನೆ ಕೇಳಿ.”

ಹೇಳಿದರು. ಕಾಯಬೇಕು ಅಂದದ್ದಕ್ಕೆ ಎರಡು ವರ್ಷ ಕಾದದ್ದು. ಬಂದ ಮೂರು ಸಂಬಂಧ ಬೇಡವೆಂದದ್ದು. ಕಾಯಬೇಡ ಎಂದು ಹೇಳಿಸಿದರೂ ಹುಡುಗಿ ಕಾದೇ ಇದ್ದಾಳೆಂದು ಯಾರಿಂದಲೋ ತಿಳಿದ ಸುಬ್ರಾಯರು ತಡೆಯಲಾರದೆ ಮನೆಯವರನ್ನು ಎದುರು ಹಾಕಿಕೊಂಡು ಬಂದದ್ದು. “ಮದುವೆಯಾಗಿ ಹತ್ತು ವರ್ಷ ಆದ ಮೇಲೆ ಮಾತಿಗೆ ಮಾತು ಬಂದು ಗೊತ್ತಾಯ್ತು, ಇವರು ಹೇಳಿದ್ದೇ ಬೇರೆ, ನಾನು ಕೇಳಿದ್ದೇ ಬೇರೆ. ಪಾಪ, ಆ ಆಪರೇಟರಿಗೆ ಮಳೆ ಸದ್ದಿಗೆ ತಪ್ಪು ಕೇಳಿಸಿರಬೇಕು.”

ಆಗ ಎಕ್ಸ್‌ಚೇಂಜಿನಲ್ಲಿ ಮೂವರು ಆಪರೇಟರುಗಳಿದ್ದರು. ಸುಮ್ಮನಿದ್ದರೆ ಆಗುತ್ತಿತ್ತು. ಯಮುನಮ್ಮ ದಾರವನ್ನು ಮಡಿಲಲ್ಲಿಟ್ಟಳು.

“ತಪ್ಪು ಕೇಳಿಸಲಿಲ್ಲ. ಅದು ನಾನು. ಸರಿಯಾಗಿ ಕೇಳಿತ್ತು, ಹೇಳ್ಲಿಕ್ಕೆ ಆಗ್ಲಿಲ್ಲ.”

ಭಾರ್ಗವಿ ಪೋಣಿಸುವುದನ್ನು ನಿಲ್ಲಿಸಿದರು. ಪಾರ್ಕಿನ ಆ ತುದಿಯಲ್ಲಿ ಸುಬ್ರಾಯರು ಐದನೇ ಸುತ್ತಿನಲ್ಲಿದ್ದರು.

“ಎಂತಕ್ಕೆ?”

“ನೀವು ನಗ್ತಿದ್ರಿ.”

“ನಮ್ಮಪ್ಪ ಆ ಎರಡು ವರ್ಷದಲ್ಲೇ ತೀರಿಕೊಂಡ್ರು,” ಅಂದರು ಭಾರ್ಗವಿ, ದನಿ ಏರಿಸದೆ. “ಮಗಳನ್ನ ಧಾರೆ ಎರೆದು ಕೊಡಬೇಕು ಅಂತ ಒಂದೇ ಆಸೆ ಇತ್ತು ಅವರಿಗೆ. ಅದು ಆಗ್ಲಿಲ್ಲ. ನಿಮಗೆ ಇದು ಗೊತ್ತಿಲ್ಲ ಅಲ್ವಾ?”

“ಇಲ್ಲ.”

ಅವರು ಎದ್ದು, ಕಂಬ ಹಿಡಿದುಕೊಂಡು ಮೆಟ್ಟಿಲಿಳಿದು, ಗಂಡ ಬರುವುದನ್ನೂ ಕಾಯದೆ ಗೇಟಿನ ಕಡೆ ಹೋದರು. ಪೋಣಿಸಿದ ಅರ್ಧ ಮಾಲೆ ಕಲ್ಲಿನ ಮೇಲೆ ಉಳಿಯಿತು.

ಯುಗಾದಿ ಬಂತು, ಹೋಯಿತು. ಭಾರ್ಗವಿ ಬರಲಿಲ್ಲ. “ಮಂಡಿ ಮತ್ತೆ ಹಿಡ್ಕೊಂಡಿದೆ” ಅಂದರು ಸುಬ್ರಾಯರು. ಅವರ ಮುಖದಲ್ಲಿ ಬೇರೇನೂ ಕಾಣಲಿಲ್ಲ. ಏಪ್ರಿಲ್ ಕೊನೆಗೆ ಗೇಟಿನ ಬಳಿಯ ಮೇ ಫ್ಲವರ್ ಮರ ಕೆಂಪಾಗಿ ಹತ್ತಿಕೊಂಡಿತು. ಯಮುನಮ್ಮನಿಗೆ ಪಾರ್ಕು ಬೇಡವೆನಿಸಿದ ದಿನಗಳಿದ್ದವು. ಆದರೂ ಕಾಲು ಅತ್ತಲೇ ಎಳೆಯುತ್ತಿತ್ತು. ಮಧ್ಯಾಹ್ನದ ಝಳದಲ್ಲಿ ಹೂವಿನ ನೆರಳು ನೆಲದ ಮೇಲೆ ನಡುಗುವುದನ್ನು ನೋಡುತ್ತ, ಶೃಂಗೇರಿಯ ಯಾವುದೋ ಜಗಲಿಯ ಮೇಲೆ ದಾರಿ ನೋಡುತ್ತ ಕೂತ ಒಬ್ಬ ತಂದೆಯನ್ನು ಕಾಣಲು ಯತ್ನಿಸುವಳು. ಅವರ ದನಿ ಕೇಳಿರಲಿಲ್ಲವಾದ್ದರಿಂದ ಅವರು ಕಣ್ಣ ಮುಂದೆ ಬರುತ್ತಲೇ ಇರಲಿಲ್ಲ.

ಜೂನ್ ಎರಡನೇ ವಾರ ಮಳೆ ಹಿಡಿಯಿತು. ಅಂಥ ಮಳೆಯಲ್ಲಿ ಒಂದು ಸಂಜೆ ಭಾರ್ಗವಿ ಒಬ್ಬರೇ, ಊರುಗೋಲು ಊರಿಕೊಂಡು, ಸೀರೆಯ ಅಂಚು ಪೂರ್ತಿ ಒದ್ದೆ ಮಾಡಿಕೊಂಡು ಬಂದರು. ಯಮುನಮ್ಮ ಎದ್ದು ಕೈ ಕೊಟ್ಟಳು. ಅವರು ಹಿಡಿದುಕೊಂಡು ಹತ್ತಿದರು.

“ಅಪ್ಪನ ನೆನಪಾದಾಗೆಲ್ಲ ನಿಮ್ಮ ಮೇಲೆ ಸಿಟ್ಟು ಬರ್ತಿತ್ತು,” ಅಂದರು ಉಸಿರು ತಿರುಗಿದ ಮೇಲೆ. “ಒಳಗಿನ ಕೋಣೇಲಿ ಇವರು ಕೆಮ್ಮಿದ್ದು ಕೇಳಿದ ಕೂಡ್ಲೆ ಹೋಗ್ತಿತ್ತು. ಎರಡೂವರೆ ತಿಂಗಳು ಇದೇ ಆಯ್ತು ನನಗೆ.”

“ಅವರಿಗೆ ಹೇಳಿದ್ರಾ?”

“ಇಲ್ಲಪ್ಪ. ಮಳೆ ಸದ್ದಿಗೆ ತಪ್ಪು ಕೇಳಿಸ್ತು ಅಂತಲೇ ಇರಲಿ ಅವರಿಗೆ.” ಊರುಗೋಲನ್ನು ಕಂಬಕ್ಕೆ ಒರಗಿಸಿಟ್ಟು, “ಸಿಟ್ಟು ಪೂರ್ತಿ ಹೋಗ್ಲಿಲ್ಲ ನೋಡಿ,” ಅಂದರು.

“ಇರಲಿ,” ಅಂದಳು ಯಮುನಮ್ಮ.

ಭಾರ್ಗವಿ ಸೀರೆಯ ಅಂಚು ಹಿಂಡಿದರು. ಆಮೇಲೆ ಈ ವರ್ಷ ಉಪ್ಪಿನಕಾಯಿಗೆ ಅಪ್ಪೆಮಿಡಿ ಸರಿಯಾಗಿ ಸಿಗದಿದ್ದುದರ ಬಗ್ಗೆ, ಸಿಕ್ಕಿದ್ದೂ ಉಪ್ಪಿನಲ್ಲಿ ಮೆತ್ತಗಾದದ್ದರ ಬಗ್ಗೆ ಮಾತು ತೆಗೆದರು. ಬೇಗಾರಿನಲ್ಲಿ ಅವರ ಸೋದರತ್ತೆ ಇದ್ದಾರಂತೆ, ಅಲ್ಲಿಯ ಮಿಡಿ ಎರಡು ವರ್ಷ ಇಟ್ಟರೂ ಗಟ್ಟಿಯಂತೆ. ಮುಂದಿನ ಸಲ ಇಬ್ಬರೂ ಬಸ್ಸಿಗೆ ಹೋಗಿ ತರುವುದಂತೆ. ಯಮುನಮ್ಮ “ಹ್ಞೂಂ” ಅನ್ನುತ್ತ, ಮಳೆಗೆ ಒಂದು ಮಾತೂ ತಪ್ಪಿಹೋಗದಂತೆ ಸ್ವಲ್ಪ ಹತ್ತಿರ ಸರಿದು ಕೂತಳು.