ಹಾರ್ಪ್ ಗುಂಡಿಯೂ ಎಸ್ತೇರಳ ದನಿಯೂ

ಬೋರ್ಡಿಂಗ್ ಶಾಲೆಯ ನಲ್ಲಿಯಡಿ ತಾಟು ತೊಳೆಯುವ ಖಣಖಣ ಸದ್ದು, ಅದರ ಕೆಳಗೆ ಎಳೆ ತುಂಡಾಗದೆ ಸಾಗುತ್ತಿದ್ದ, ಗೆಳತಿ ಎಸ್ತೇರಳ ಹಾಡಿನ ದಪ್ಪ ದನಿ: ಇವೆರಡೂ ಈಗಲೂ ನನಗೆ ಕೇಳಿಸುತ್ತವೆ. ಈ ವಯಸ್ಸಿನಲ್ಲಿ ಕಿವಿಗೆ ಬೇರೆ ಕೆಲಸವೂ ಉಳಿದಿಲ್ಲವೆನ್ನಿ. ಸಿಸ್ಟರ್ ನನಗೆ ಪಿಯಾನೊ ಕಲಿಸಿದರು. ಮಾನ್ವಿಯ ಎಸ್ತೇರಳಿಗೆ ಏನೂ ಕಲಿಸಲಿಲ್ಲ, ಕಲಿಸುವ ಅಗತ್ಯವೂ ಇರಲಿಲ್ಲ.

ಹೋದ ವರ್ಷ ರಾಯಚೂರಿನ ನಮ್ಮ ಚರ್ಚಿನ ಕ್ವಾಯರ್‌ಗೆ ಕ್ರಿಸ್ಮಸ್ ಗೀತೆಯೊಂದನ್ನು ರಚಿಸುವ ಹುಚ್ಚು ನನಗೆ ಹಿಡಿಯಿತು, ಅದೂ ಹಾರ್ಪ್ ಸಮೇತ. ಆ ತಂತಿವಾದ್ಯವನ್ನು ನಾನು ಕಂಡದ್ದು ಗ್ರೀಟಿಂಗ್ ಕಾರ್ಡಿನ ದೇವದೂತರ ಕೈಯಲ್ಲಿ ಮಾತ್ರ. ನಮ್ಮ ಬಿಸಿಲೂರಿಗೆ ಅದು ಬಂದದ್ದು ಕೀಬೋರ್ಡಿನ ಒಂದು ಗುಂಡಿಯಾಗಿ. ಒತ್ತಿದರೆ ಸ್ವರ್ಗ, ಕರೆಂಟ್ ಹೋದರೆ ಮರ್ತ್ಯ. ನಡುವಿನ ಸೋಲೊ ಎಸ್ತೇರಳಿಗೆಂದೇ ಬರೆದೆ. ಇಬ್ಬರಿಗೂ ಎಪ್ಪತ್ತು ದಾಟಿತ್ತು. ಆ ದನಿಯನ್ನು ಊರು ಒಮ್ಮೆಯಾದರೂ ಕೇಳಲಿ ಎಂಬುದಷ್ಟೇ ನನ್ನ ಆಸೆ.

ಆದರೆ ನಾನು ಬರೆದದ್ದು ನಲ್ಲಿಯಡಿಯ ಹುಡುಗಿಗೆ. ಪ್ರಾಕ್ಟೀಸಿಗೆ ಬಂದವಳೋ, ದೇವದುರ್ಗದಲ್ಲಿ ಸರ್ವೀಸ್ ಪೂರ್ತಿ ಮಕ್ಕಳಿಗೆ ಕೂಗಿ ಕೂಗಿ ಪಾಠ ಹೇಳಿ ಗಂಟಲು ಸವೆಸಿದ ಮುದುಕಿ. ಎರಡನೇ ಸಾಲಿಗೇ ದನಿ ಒಡೆಯಿತು. ಶ್ರುತಿ ಇಳಿಸಿದೆ; ಉಸಿರು ಸಾಲಲಿಲ್ಲ. ಆಗ ಮಹಾಜಾಣೆಯಾದ ನಾನು, ದನಿ ಒಡೆಯುವಲ್ಲೆಲ್ಲ ಹಾರ್ಪಿನ ಅಲೆಗಳನ್ನು ತುಂಬಿ, ಮುಂದಿನ ವಾರ ವಾಲ್ಯೂಮನ್ನೂ ಏರಿಸಿದೆ. ಕ್ವಾಯರ್‌ನವರೆಲ್ಲ ಬ್ಯೂಟಿಫುಲ್ ಎಂದರು. ಸ್ವರಲಿಪಿ ಓದಲು ಬಾರದ ಎಸ್ತೇರ ಮಾತ್ರ, ತನ್ನ ಸಾಲಿನ ಕೆಳಗೆ ಇರುವೆಗಳಂತೆ ಹೊಸದಾಗಿ ಮುತ್ತಿದ್ದ ಚುಕ್ಕೆಗಳ ಮೇಲೆ ಬೆರಳಾಡಿಸಿ, ನನಗಷ್ಟೇ ಕೇಳುವಂತೆ ಹೇಳಿದಳು:

“‘ನಿನ್ನ ದನಿ ಕೆಟ್ಟದ’ ಅಂದಿದ್ರ ಮುಗೀತಿತ್ತಲ್ಲಬೇ. ಮುಚ್ಚಾಕ ಇಷ್ಟ್ಯಾಕ ಕಷ್ಟಪಟ್ಟಿ?”

ಕಾನ್ವೆಂಟಿನಲ್ಲಿ ನಾನು ಮೊದಲು ಕಲಿತ ಪದ ಸಾರಿ. ಅಂದು ಅದನ್ನು ಬಿಟ್ಟು, ಇನ್ನೊಮ್ಮೆ ಮೊದಲಿಂದ ಎಂದೆ.

ಆಮೇಲೆ ಅವಳು ಪ್ರಾಕ್ಟೀಸಿಗೆ ಬರಲಿಲ್ಲ, ಆ ಗೀತೆಯನ್ನು ಯಾರೂ ಹಾಡಲಿಲ್ಲ. ಹಾರ್ಪನ್ನೆಲ್ಲ ಹೊಡೆದುಹಾಕಿ, ಬರೀ ಅವಳ ಈಗಿನ ದನಿಗೆ, ಈಗಿನ ಉಸಿರಿಗೆ ತಕ್ಕಂತೆ ಮತ್ತೆ ಬರೆದೆ. ಬರೆದು ಮುಗಿಸುವಷ್ಟರಲ್ಲಿ ಮಾನ್ವಿಯಿಂದ ಅವಳ ಮಗಳ ಫೋನ್ ಬಂತು. ಮಣ್ಣಾಗಿ ಎರಡು ದಿನವಾಗಿತ್ತು.

ಅವಳನ್ನು ಕೊನೆಯ ಸಲ ಕಂಡದ್ದು ಆ ಪ್ರಾಕ್ಟೀಸಿನ ಸಂಜೆಯೇ, ಮಾನ್ವಿ ಬಸ್ಸಿನ ಕಿಟಕಿಯಲ್ಲಿ. ಮುಂದಿನ ಭಾನುವಾರ ಬೇಗ ಬಾ ಎಂದೆ. ತಲೆಯಾಡಿಸಿದಳು. ಬಸ್ಸು ಹೊರಟಾಗ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಧೂಳಿಗೆ ಇರಬೇಕು ಎಂದುಕೊಂಡು ನಾನು ಕೈ ಬೀಸುತ್ತಲೇ ಇದ್ದೆ.