ಐದನೇ ಅಧ್ಯಾಯದಲ್ಲಿ ಸತ್ತ ಸಾಕ್ಷಿ

ನಮ್ಮತ್ತೆ, ಅಂದರೆ ನನ್ನ ಗಂಡನ ತಾಯಿ, ಹಾಸಿಗೆ ಕಾರ್ಖಾನೆಯಲ್ಲಿ ಫೋಮ್ ಹಾಳೆಗಳಿಗೆ ಅಂಟು ಬಳಿಯುತ್ತಿದ್ದರು. ಅಂಟಿನ ಘಾಟಿಗೆ ಅಲ್ಲಿನ ಹೆಂಗಸರೆಲ್ಲ ಕೆಮ್ಮು ಹಿಡಿದು ಸೊರಗಿದರು. ಅದು ವಿಷವೆಂದು ಗೊತ್ತಿದ್ದೂ ಕಂಪನಿ ಬಾಯಿ ಬಿಡಲಿಲ್ಲ. ಹೆಂಗಸರ ಪರವಾಗಿ ಮೊಕದ್ದಮೆ ಹೂಡಿದ ಮೇಲೂ ಸಾಕ್ಷಿ ಹೇಳಲು ಎಲ್ಲರೂ ಹಿಂದೆ ಮುಂದೆ ನೋಡಿದಾಗ ಮೊದಲು ಕಟಕಟೆ ಹತ್ತಿದವರು ಅತ್ತೆ.

ಮೊಕದ್ದಮೆ ಮುಗಿದ ಮೇಲೆ ಲೇಖಕರೊಬ್ಬರು ಮನೆಗೆ ಬಂದು ಅತ್ತೆಯನ್ನು ಮಾತಾಡಿಸಿ, ಅದನ್ನೇ ರೋಚಕ ಕಾದಂಬರಿ ಮಾಡಿದರು. ಪುಸ್ತಕ ಕೈಗೆ ಬಂದದ್ದೇ ಅತ್ತೆ ಅಡುಗೆಮನೆಯ ಕಿಟಕಿ ಪಕ್ಕ ಕನ್ನಡಕ ಏರಿಸಿ ಕೂತರು. ಪುಟ ಪುಟಕ್ಕೂ ಪಿಸ್ತೂಲು, ಬೆನ್ನಟ್ಟುವ ಕಾರು. ಇದ್ದಕ್ಕಿದ್ದಂತೆ ಜೋರಾಗಿ ನಕ್ಕರು.

"ನೋಡೇ ಇಲ್ಲಿ! ಐದನೇ ಅಧ್ಯಾಯಕ್ಕೇ ನನ್ ಮೇಲೆ ಲಾರಿ ಹತ್ತಿಸಿಬಿಟ್ಟಿದಾನೆ!"

"ಮತ್ಯಾಕೆ ಓದ್ತೀರಾ, ಬಿಡಿ ಅತ್ತೆ."

"ನಾನು ಸತ್ತ ಮೇಲೆ ಏನಾಯ್ತು ಅಂತ ನೋಡ್ಬೇಡ್ವಾ?"

ಪೂರ್ತಿ ಓದಿದರು. ಕೊನೆಯಲ್ಲಿ ಕಂಪನಿಯ ಯಜಮಾನ ಕೋರ್ಟಿನಲ್ಲೇ ಕುಸಿದು ತಪ್ಪೊಪ್ಪಿಕೊಳ್ಳುತ್ತಾನೆ. ಅತ್ತೆ ಪುಸ್ತಕ ಮಡಚಿ, "ಸಪ್ಪೆ" ಎಂದರು.

ಲೇಖಕರು ಅಭಿಪ್ರಾಯ ಕೇಳಲು ಬಂದಾಗ ನಾನು ಮಾತು ಮರೆಸಲು ನೋಡಿದೆ. ಅತ್ತೆ ಕುರ್ಚಿ ಎಳೆದು ಅವರನ್ನು ಕೂರಿಸಿದರು.

"ಬೇಜಾರು ಮಾಡ್ಕೋಬೇಡಿಪ್ಪಾ, ಕಷ್ಟಪಟ್ಟು ಬರ್ದಿದೀರಿ. ಆದ್ರೆ ನನಗೆಲ್ಲೂ ಎದೆ ಹೊಡ್ಕೊಳ್ಲಿಲ್ಲ."

"ನಿಜವಾಗ್ಲೂ ಎದೆ ಹೊಡ್ಕೊಂಡಿದ್ದು ಯಾವಾಗಮ್ಮಾ?"

"ಕಂಪನಿ ವಕೀಲರು, ಕೆಲಸದಿಂದ ತೆಗೆದ್ರು ಅಂತ ಸೇಡು ತೀರಿಸ್ಕೋತಿದೀಯಾ ಅಂದ್ರು. ತೆಗೆದಿಲ್ಲ ಸ್ವಾಮಿ, ಇವತ್ತು ರಜೆ ಹಾಕಿ ಬಂದಿದೀನಿ ಅಂದೆ. ಎಲ್ಲರೂ ನಕ್ರು. ನನಗೆ ಮಾತ್ರ ನಗು ಬರ್ಲಿಲ್ಲ. ಬೆಳಗಾದ್ರೆ ಕಾರ್ಖಾನೆ ಮೇಲ್ವಿಚಾರಕನ ಎದುರು ಹೋಗಿ ನಿಲ್ಬೇಕಲ್ಲ! ಊಟದ ಹೊತ್ತಲ್ಲಿ ಯಾರೂ ನನ್ ಪಕ್ಕ ಕೂರ್ತಿರ್ಲಿಲ್ಲ. ಎಷ್ಟೋ ದಿನ ಒಬ್ಳೇ ಉಂಡೆ. ಆಮೇಲೊಂದಿನ ಅಂಟು ಕಲಸೋಳು ಬುತ್ತಿ ಹಿಡ್ಕೊಂಡು ಬಂದು ಪಕ್ಕದಲ್ಲಿ ಕೂತ್ಲು. ‘ಅಕ್ಕಾ, ಕೋರ್ಟಿಗೆ ನಾನೂ ಬರ್ತೀನಿ’ ಅಂದ್ಲು."

ಲೇಖಕರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಇದನ್ನ ಅವತ್ತೇ ಯಾಕೆ ಹೇಳ್ಲಿಲ್ಲಮ್ಮಾ?"

"ಯಜಮಾನ ಯಾವ ಕಾರಲ್ಲಿ ಬರ್ತಿದ್ದ ಅಂತ್ಲೇ ಕೇಳ್ತಿದ್ರಲ್ಲಪ್ಪಾ ನೀವು!"

ಅವರೂ ನಕ್ಕುಬಿಟ್ಟರು.

ಆ ಮೊಕದ್ದಮೆ ಹೆಂಗಸರೇ ಗೆದ್ದರು. ಕಂಪನಿ ಆ ಅಂಟನ್ನು ಬಿಟ್ಟು, ಕಾಯಿಲೆ ಬಿದ್ದವರ ಚಿಕಿತ್ಸೆ ವಹಿಸಿಕೊಳ್ಳಬೇಕಾಯಿತು. ಯಜಮಾನ ಕುಸಿಯುವುದಿರಲಿ, ತೀರ್ಪಿನ ದಿನ ಕೋರ್ಟಿನ ಕಡೆ ತಲೆಯನ್ನೂ ಹಾಕಲಿಲ್ಲ. ಅತ್ತೆ ನಿವೃತ್ತಿಯವರೆಗೂ ಅಲ್ಲೇ ದುಡಿದರು. ಈಗ ಮನೆಯ ಮೆಟ್ಟಿಲು ಹತ್ತುವಾಗ ಅರ್ಧದಲ್ಲಿ ನಿಂತು ಉಸಿರು ಎಳೆದುಕೊಳ್ಳುತ್ತಾರೆ. ನಾನು ಕೈ ಹಿಡಿಯಲು ಹೋದರೆ, "ಇರೇ, ಕಂಪನಿ ವಕೀಲರ ಥರ ವಾಯಿದೆ ತಗೊಂಡಿದೀನಿ" ಎನ್ನುತ್ತಾರೆ.