ದೋಣಿಯ ಮುಂದು ಯಾವುದು

ದೋಣಿಯ ವಿಷಯ ಮಾತಾಡಲು ನನಗೆ ಯಾವ ಅರ್ಹತೆಯೂ ಇಲ್ಲ. ಈಜು ಬಾರದು, ಮೀನು ತಿನ್ನುವುದಿಲ್ಲ, ಸ್ನಾನದ ಬಕೆಟ್ಟಿಗಿಂತ ಆಳವಾದ ನೀರು ಕಂಡರೆ ಕೈಮುಗಿದು ಹಿಂದೆ ಸರಿಯುವ ಸ್ವಭಾವ. ಆದರೂ ಧುಪದಾಳದಲ್ಲಿ ಈಗ ಯಾರಾದರೂ ದೋಣಿಗೆ ಮೋಟರು ಕಟ್ಟುವ ಬಗ್ಗೆ ವಿಚಾರಿಸಿದರೆ ನನ್ನ ಮನೆಯನ್ನೇ ತೋರಿಸುತ್ತಾರೆ. ತೋರಿಸುವಾಗ ನಗುತ್ತಾರೆ ಎಂಬುದು ಬೇರೆ ಮಾತು.

ನಮ್ಮ ನೆರೆಮನೆಯ ಭೀಮಪ್ಪನ ಹೆಂಡತಿ ಭರಮವ್ವನಿಗೆ ಹೊಳೆಯ ಆಚೆ ದಂಡೆಯಲ್ಲಿ ತವರಿನಿಂದ ಬಂದ ಹೊಲವಿದೆ. ಇಲ್ಲಿ ನಿಂತರೆ ಅದರ ಹುಣಸೆಮರ ಕಾಣುತ್ತದೆ; ಕಣ್ಣು ಚುರುಕಾಗಿದ್ದರೆ ಮರದ ಮೇಲಿನ ಕಾಗೆಯೂ ಕಾಣುತ್ತದೆ. ನಡುವೆ ಒಡ್ಡಿನ ಹಿಂದೆ ನಿಂತ ನೀರು. ಹೀಗಾಗಿ ಹೊಲಕ್ಕೆ ಹೋಗಲು ಸೇತುವೆ ಸುತ್ತಿ, ಬಸ್ಸಿಳಿದು, ಬದುವಿನ ಮೇಲೆ ಬಹಳ ದೂರ ನಡೆಯಬೇಕು. ಮೊಣಕಾಲು ಮುಷ್ಕರ ಹೂಡಿದ ಮೇಲೆ ಭರಮವ್ವ ಅತ್ತ ಹೋಗಿರಲಿಲ್ಲ. ಹೋದ ವರ್ಷ ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು, ಅಂದರೆ ಪೈರು ಹೊತ್ತ ಭೂಮಿತಾಯಿಗೆ ಕಡಬು, ಪಲ್ಯ, ಅನ್ನ ಎರಚಿ ಉಣಿಸಲು, ಮೈದುನನನ್ನು ಕಳಿಸಿದ್ದಳು. ಅವನು ಬುಟ್ಟಿಯನ್ನು ಚೊಕ್ಕವಾಗಿ ಖಾಲಿ ಮಾಡಿಕೊಂಡು ಬಂದ. ಭೂಮಿತಾಯಿ ಉಂಡದ್ದೆಷ್ಟು, ಮೈದುನ ಉಂಡದ್ದೆಷ್ಟು ಎಂಬುದರ ತನಿಖೆ ಆಗಲಿಲ್ಲ. ಈ ವರ್ಷ ಭರಮವ್ವ ತೀರ್ಪು ಕೊಟ್ಟಳು:

"ಈ ಸಲ ನನ್ನ ಕೈಯಾರೆ ಚೆಲ್ಲಬೇಕು. ಇಲ್ಲಂದ್ರ ಆ ಹೊಲ ನಂದು ಅನ್ನಾಕ ನನಗ ಬಾಯಿ ಇರಂಗಿಲ್ಲ."

ಹೀಗೆ ದೋಣಿ ಹುಟ್ಟಿತು. ಮೂಡಲಗಿಯಿಂದ ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳು ಬಂದವು. ಹುಕ್ಕೇರಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ, ಭೀಮಪ್ಪನ ಹಳೆಯ ಗೆಳೆಯ ದಸ್ತಗೀರ ಅವುಗಳನ್ನು ಎರಡು ಸಾಲಾಗಿಸಿ, ಮೇಲೆ ಕಬ್ಬಿಣದ ಚೌಕಟ್ಟು ಬಿಗಿದು, ಹಲಗೆ ಹಾಸಿ, ಪ್ಲಾಸ್ಟಿಕ್ ಕುರ್ಚಿಗಳನ್ನು ತಿರುಪು ಹಾಕಿ ಕೂರಿಸಿದ. ತೇಲುವ ಮದುವೆ ಮಂಟಪದಂತಿತ್ತು. ತೇಲಿತು ಕೂಡ. ಇನ್ನು ಚಲಿಸಬೇಕಿತ್ತು.

ಪೆಟ್ರೋಲ್ ಎಂಜಿನ್ನಿನ ಸದ್ದಿಗೆ ದಂಡೆಯಲ್ಲಿ ಮೇಯುವ ತನ್ನ ಕುರಿಗಳು ದಿಕ್ಕಾಪಾಲಾಗುತ್ತವೆ ಎಂದು ಭೀಮಪ್ಪ ತಕರಾರು ತೆಗೆದ. ಆಗ ದಸ್ತಗೀರ ಬ್ಯಾಟರಿಯಲ್ಲಿ ಓಡುವ ಟ್ರೋಲಿಂಗ್ ಮೋಟರಿನ ಸುದ್ದಿ ಹೇಳಿದ. ಮೀನಿಗೆ ಸುಳಿವು ಕೊಡದೆ ಅದರ ಹತ್ತಿರ ಸರಿಯಲೆಂದು ಯಾರೋ ಪರದೇಶದವರು ಕಂಡುಹಿಡಿದ ಯಂತ್ರ. ಕುರಿಗೂ ಸುಳಿವು ಸಿಗಲಿಕ್ಕಿಲ್ಲ ಎಂದು ಸಭೆ ಒಪ್ಪಿತು.

ಆರಿಸುವ ಹೊಣೆ ಇಂಗ್ಲಿಷ್ ಬಲ್ಲ ನಿವೃತ್ತ ಮಾಸ್ತರನೆಂದು ನನಗೆ ಬಂತು. ಅದರ ಬಲವನ್ನು ಪೌಂಡಿನಲ್ಲಿ ಹೇಳುತ್ತಾರೆ. ಎಷ್ಟು ಎತ್ತಿಗೆ ಸಮ ಎಂದು ಭೀಮಪ್ಪ ಕೇಳಿದ. ಬಹಳ ಯೋಚಿಸಿ ಅರ್ಧ ಎತ್ತು ಎಂದೆ. ಅರ್ಧ ಎತ್ತನ್ನು ಯಾವ ಸಂತೆಯಲ್ಲೂ ಯಾರೂ ಕೊಳ್ಳುವುದಿಲ್ಲ ಎಂದು ಅವನು ಅದಕ್ಕಿಂತ ಒಂದು ಮೇಲಿನದನ್ನು ತರಿಸಿದ. ಆಮೇಲೆ ಮೋಟರಿನ ರೆಕ್ಕೆಯನ್ನು ನೀರಿಗಿಳಿಸುವ ದಂಡದ ಉದ್ದ. ಡ್ರಮ್ಮಿನ ದೋಣಿ ನೀರಿಂದ ಎತ್ತರ ನಿಲ್ಲುತ್ತದೆ. ದಂಡ ಗಿಡ್ಡಾದರೆ ಮೋಟರಿನ ರೆಕ್ಕೆ ಗಾಳಿಯಲ್ಲಿ ತಿರುಗಿ ಫ್ಯಾನಿನ ಕೆಲಸ ಮಾಡುತ್ತದೆ. ಬಾರಕೋಲು ಇಳಿಬಿಟ್ಟು ಅಳೆದು ಉದ್ದನೆಯದನ್ನೇ ಗೊತ್ತುಮಾಡಿದೆವು. ಹೆದ್ದಾರಿಯ ಹತ್ತರಗಿಯಲ್ಲಿ ಪಾರ್ಸೆಲ್ ಇಳಿಯಿತು. ಭೀಮಪ್ಪನ ಮೋಟರ್ ಸೈಕಲ್ಲಿನ ಹಿಂದೆ ಕೂತು ನಾನು ಅದನ್ನು ಹೊಸ ಅಳಿಯನಂತೆ ತಬ್ಬಿಕೊಂಡು ತಂದೆ.

ಕೈಪಿಡಿ ಮೋಟರನ್ನು ದೋಣಿಯ ಹಿಂದೆ ಕಟ್ಟಿ ಎಂದಿತ್ತು. ನಾನು ಗಟ್ಟಿಯಾಗಿ ಓದಿದೆ.

"ಎತ್ತ ಯಾರರೆ ಗಾಡಿ ಹಿಂದ ಕಟ್ತಾರೇನ್ರಿ ಮಾಸ್ತರ?" ಎಂದ ಭೀಮಪ್ಪ.

ಕೈಪಿಡಿಯನ್ನು ಮಡಚಿಟ್ಟೆ. ನಾನೂ ಯೋಚಿಸಿದೆ. ನಮ್ಮ ಸೀಮೆಯಲ್ಲಿ ಘನತೆಯುಳ್ಳದ್ದೆಲ್ಲ ಎಳೆಸಿಕೊಂಡೇ ಹೋಗುತ್ತದೆ: ಗಾಡಿ, ರಂಟೆ, ಕುಂಟೆ, ಕಬ್ಬು ತುಂಬಿದ ಟ್ರೇಲರು, ಘಟಪ್ರಭಾ ಸ್ಟೇಷನ್ನಿನ ರೈಲು. ದೂಡಿಸಿಕೊಳ್ಳುವುದು ತರಕಾರಿಯ ತಳ್ಳುಗಾಡಿ, ಮತ್ತು ಸ್ಟ್ಯಾಂಡಿನಲ್ಲಿ ಚಾಲೂ ಆಗದ ಬಸ್ಸು. ಭರಮವ್ವನನ್ನು ಕೆಟ್ಟ ಬಸ್ಸಿನಂತೆ ದೂಡಿಕೊಂಡು ಹೋಗುವುದು ನನಗೂ ಸರಿಕಾಣಲಿಲ್ಲ. ದಸ್ತಗೀರ ಮೋಟರನ್ನು ಮುಂದೆ ಬಿಗಿದ. ಭೀಮಪ್ಪ ದೋಣಿಯ ಆ ಮುಖಕ್ಕೆ ಭಂಡಾರದ ಅರಿಶಿನ ಹಚ್ಚಿ, ಹಾರ ಹಾಕಿ, ಕಾಯಿ ಒಡೆದ. ಹೊಸ ಗಾಡಿಯ ಗಾಲಿಗೆ ಇಡುವ ನಿಂಬೆಹಣ್ಣುಗಳನ್ನು ಇಲ್ಲಿ ಗಾಲಿಯೇ ಇಲ್ಲದ್ದರಿಂದ ನೀರಿಗೆ ಬಿಟ್ಟೆವು. ಅವು ನಮಗಿಂತ ಮೊದಲು ಹೊರಟವು.

ಅಮಾವಾಸ್ಯೆಯ ಬೆಳಿಗ್ಗೆ ಭರಮವ್ವ ಹೊಸ ಇಳಕಲ್ ಸೀರೆ ಉಟ್ಟು, ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತಳು. ಭೀಮಪ್ಪ ಮೋಟರಿನ ಹಿಡಿ ತಿರುವಿದ. ದೋಣಿ ಬಹಳ ಗಂಭೀರವಾಗಿ ಹಿಂದಕ್ಕೆ ಸರಿದು ನಮ್ಮ ದಂಡೆಯ ಕೆಸರಿನಲ್ಲಿ ಕೂತಿತು.

ಹಿಂದಿನಿಂದ ದೂಡಲೆಂದು ಮಾಡಿದ ಮೋಟರಿಗೆ ಜಾಗ ಬದಲಾದದ್ದು ಗೊತ್ತಿರಲಿಲ್ಲ. ಅದು ಹಿಡಿ ಹಿಡಿದವನ ಕಡೆಗೇ ನಿಷ್ಠೆಯಿಂದ ದೂಡುತ್ತಿತ್ತು. ಮೋಟರನ್ನೇ ಹಿಮ್ಮುಖವಾಗಿ ತಿರುಗಿಸಿದರೆ ಹಿಡಿ ನೀರಿನ ಮೇಲೆ ಚಾಚುತ್ತಿತ್ತು, ನಡೆಸುವವನೂ ನೀರಿನಲ್ಲಿರಬೇಕಾಗುತ್ತಿತ್ತು. ರಿವರ್ಸ್ ಹಾಕಿದರೆ ಮುಂದೆ ಹೋಗುತ್ತದೆ ಎಂದೆ. ಅಮಾವಾಸ್ಯೆಯ ದಿನ ರಿವರ್ಸ್ ಹಾಕಿ ಹೊರಡುವುದು ಅಪಶಕುನ ಎಂದು ಭೀಮಪ್ಪ ತಳ್ಳಿಹಾಕಿದ. ಹಿಡಿಯಿರುವ ಮೋಟರಿನ ತಲೆಯನ್ನೇ ಬಿಚ್ಚಿ ತಿರುಗಿಸಿ ಕೂರಿಸಬಹುದು, ಆದರೆ ಅದರ ತಿರುಪು ಬಿಚ್ಚುವ ಸಣ್ಣ ಕೀಲಿ ಹುಕ್ಕೇರಿಯ ಅಂಗಡಿಯಲ್ಲಿದೆ ಎಂದ ದಸ್ತಗೀರ. ಕೊನೆಗೆ ನಾನು, ಕುರ್ಚಿಗಳನ್ನು ತಿರುಗಿಸಿ ಹಿಂದನ್ನೇ ಮುಂದು ಎಂದು ಕರೆದರೆ ಕೈಪಿಡಿಗೂ ಸಮಾಧಾನ, ನಮಗೂ ಸಮಾಧಾನ ಎಂದೆ.

"ಭಂಡಾರ ಹಚ್ಚಿದ ಮಾರಿಗಿ ಬೆನ್ನ ಮಾಡಿ ಕುಂಡ್ರೋದೇನ್ರಿ?" ಎಂದ ಭೀಮಪ್ಪ. ಪೂಜೆ ಆದದ್ದೇ ಮುಂದು; ಅದಕ್ಕೆ ತಿದ್ದುಪಡಿ ಇಲ್ಲ.

ಬುಟ್ಟಿಯೊಳಗಿನ ಕಡಬು ಆರುತ್ತಿತ್ತು. ಭರಮವ್ವ ಒಬ್ಬೊಬ್ಬರ ಮುಖವನ್ನೂ ನೋಡಿದಳು.

"ನಾ ಹೊಲಕ್ಕ ಹೊಂಟೇನಿ. ದೋಣಿ ಮಾರಿ ಯಾಕಡಿ ಇದ್ರ ನನಗೇನು? ನಡಸ್ರಿ."

ಬಿದಿರಿನ ಗಳದಿಂದ ದೋಣಿಯ ಬೆನ್ನನ್ನು ಹೊಲದ ಕಡೆ ತಿರುಗಿಸಿ ಹೊರಟೆವು. ದಸ್ತಗೀರ ಹಿಂದಿನ ತುದಿಯಲ್ಲಿ ನಿಂತು, ಸ್ಟ್ಯಾಂಡಿನಲ್ಲಿ ಬಸ್ಸನ್ನು ಹಿಂದೆ ತೆಗೆಸುವ ಕಂಡಕ್ಟರನಂತೆ ಹಲಗೆ ಬಡಿಯುತ್ತ "ಬರ್ಲಿ, ಬರ್ಲಿ" ಎನ್ನುತ್ತಿದ್ದ. ಭರಮವ್ವನ ಮುಖ ಊರಿನ ಕಡೆಗಿತ್ತು. ನಡುನೀರಿನಿಂದಲೇ ತನ್ನ ಎಮ್ಮೆ ಹಗ್ಗ ಬಿಚ್ಚಿಕೊಂಡು ಬಣವೆಗೆ ಬಾಯಿ ಹಾಕಿದ್ದನ್ನು ಕಂಡು, ದಂಡೆಯಲ್ಲಿ ನಗುತ್ತ ನಿಂತಿದ್ದ ಮೈದುನನನ್ನು ಕೂಗಿ ಓಡಿಸಿದಳು. ಕುರಿಗಳು ಮಾತ್ರ ತಲೆಯೆತ್ತಲಿಲ್ಲ. ಮೋಟರಿನ ಆಯ್ಕೆ ಸರಿಯಾಗಿತ್ತು.

ಹೊಲದಲ್ಲಿ ಭರಮವ್ವ ಭೀಮಪ್ಪನ ತೋಳು ಹಿಡಿದು ಜೋಳದ ಸಾಲಿನ ಅಂಚಿಗೆ ನಡೆದಳು. ಹುಣಸೆಮರಕ್ಕೆ, ಹಾಲು ಕರೆಯುವ ಮೊದಲು ಎಮ್ಮೆಯನ್ನು ತಟ್ಟುವಂತೆ, ಒಮ್ಮೆ ತಟ್ಟಿದಳು. ಆಮೇಲೆ ನಾಲ್ಕೂ ದಿಕ್ಕಿಗೆ ಚರಗ ಚೆಲ್ಲಿದಳು. ನಾವೂ ಉಂಡೆವು, ಭೂಮಿತಾಯಿಯ ಪಾಲು ನಿಜವಾಗಿಯೂ ದೊಡ್ಡದಿತ್ತು.

ಮುಂದಿನ ವಾರ ದಸ್ತಗೀರ ಕೀಲಿ ಹಿಡಿದುಕೊಂಡು ಬಂದ. ಮೋಟರಿನ ತಲೆ ತಿರುಗಿಸಲು ಕೂತವನನ್ನು ಭರಮವ್ವ ತಡೆದಳು. ಅವತ್ತು ಬರುವಾಗ ಊರು ಮುಟ್ಟುವವರೆಗೂ ತನ್ನ ಹೊಲ ಕಣ್ಣೆದುರಿಗೇ ಇತ್ತಂತೆ.

"ಇರ್ಲಿ ಬಿಡೋ ಅಣ್ಣಾ. ಗುಡಿಯಾಗಿಂದ ಬರುಮುಂದ ದೇವರಿಗೆ ಬೆನ್ನ ತೋರಸ್ತೀವೇನು?"

ಕೈಪಿಡಿಯನ್ನು ಇನ್ನೊಮ್ಮೆ ಮೊದಲಿಂದ ಓದಿದೆ. ಈ ಸೌಲಭ್ಯದ ಬಗ್ಗೆ ಅದರಲ್ಲಿ ಒಂದು ಸಾಲೂ ಇಲ್ಲ. ದಸ್ತಗೀರ ಕೀಲಿಯನ್ನು ಜೇಬಿಗೆ ಹಾಕಿಕೊಂಡು, ಚಹಾ ಕುಡಿದು, ಹುಕ್ಕೇರಿಯ ಬಸ್ಸು ಹತ್ತಿದ.